ಮನೋವ್ಯಾಧಿಗೆ ಮದ್ದು: ದೀರ್ಘಕಾಲೀನ ರೋಗಿಗಳ ಔಷಧ ನಿರ್ಧಾರದ ಜಾನಪದ ನೆಲೆಗಳು

‘ಮನೋವ್ಯಾಧಿಗೆ ಮದ್ದಿಲ್ಲ’ ಎಂಬುದು ಕನ್ನಡ ನಾಡಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಗಾದೆ. ಬಳಕೆಯ ಸಂದರ್ಭಗಳನ್ನು ಗಮನಿಸಿದರೆ ಈ ಗಾದೆ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುವುದು ಕಂಡುಬರುತ್ತದೆ. ಸಣ್ಣ ಕೊರಗನ್ನು ದೊಡ್ಡದು ಮಾಡಿಕೊಂಡವರಿಗೆ ಅದು ಬುದ್ಧಿಮಾತು. ನಿಜವಾಗಿ ಮನಸ್ಸು ಕುಸಿದವರಿಗೆ ಅದು ಮುಚ್ಚಿದ ಬಾಗಿಲು. ಸಕ್ಕರೆ ಕಾಯಿಲೆ, ಸಂಧಿವಾತ, ಮೂತ್ರಪಿಂಡದ ವೈಫಲ್ಯ, ಹೃದ್ರೋಗ, ಕ್ಯಾನ್ಸರ್ ಮೊದಲಾದ ದೀರ್ಘಕಾಲೀನ ರೋಗಗಳೊಡನೆ ಬದುಕುತ್ತಿರುವವರಿಗೆ ವೈದ್ಯರು ಒಂದು ದಿನ ‘ಮನಸ್ಸಿಗೂ ಒಂದು ಗುಳಿಗೆ ಬರೆದುಕೊಡುತ್ತೇನೆ’ ಎಂದಾಗ ಈ ಗಾದೆಯೂ ಔಷಧಚೀಟಿಯೂ ಮುಖಾಮುಖಿಯಾಗುತ್ತವೆ.

ಆ ಗುಳಿಗೆಯನ್ನು ನುಂಗಬೇಕೆ, ಬಿಡಬೇಕೆ ಎಂಬ ನಿರ್ಧಾರ ವೈದ್ಯರ ಕೊಠಡಿಯಲ್ಲಿ ಮುಗಿಯುವುದಿಲ್ಲ. ಅದು ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಔಷಧದಂಗಡಿಯ ಮುಂದೆ ನಡೆಯುತ್ತದೆ. ಉಷ್ಣ, ಪಥ್ಯ, ಚಟ, ಮಾನ, ಹಣೆಬರಹ ಮುಂತಾದ ಪರಿಕಲ್ಪನೆಗಳು ಅಲ್ಲಿ ತೂಕಕ್ಕೆ ಬೀಳುತ್ತವೆ. ಇವನ್ನು ಅಜ್ಞಾನವೆಂದು ತಳ್ಳಿಹಾಕುವ ಒಲವು ವೈದ್ಯವಲಯದಲ್ಲಿಯೂ, ಪರಂಪರೆಯ ವಿವೇಕವೆಂದು ಕೊಂಡಾಡುವ ಒಲವು ಜಾನಪದ ವಲಯದಲ್ಲಿಯೂ ಇದೆ. ಪ್ರಸ್ತುತ ಲೇಖನದ ನಿಲುವು ಇವೆರಡಕ್ಕಿಂತ ಭಿನ್ನವಾದುದು. ಜನರು ಒಡ್ಡುವ ಆಕ್ಷೇಪಗಳಲ್ಲಿ ಬಹುಪಾಲು ಪ್ರಶ್ನೆಗಳೇ ಆಗಿವೆ. ಆ ಪ್ರಶ್ನೆಗಳಿಗೆ ಇಂದಿನ ವೈದ್ಯಶಾಸ್ತ್ರದಲ್ಲಿ ಉತ್ತರಗಳೂ ಇವೆ. ಪ್ರಶ್ನೆಯನ್ನು ಪ್ರಶ್ನೆಯಾಗಿ ಕೇಳಿಸಿಕೊಳ್ಳದಿದ್ದಾಗ ರೋಗಿ ವಾದಕ್ಕಿಳಿಯುವುದಿಲ್ಲ, ಗುಳಿಗೆಯನ್ನು ಮೌನವಾಗಿ ನಿಲ್ಲಿಸಿಬಿಡುತ್ತಾರೆ. ಅಪಾಯವಿರುವುದು ಈ ಮೌನದಲ್ಲಿ.

1. ಸಮಸ್ಯೆಯ ಸ್ವರೂಪ

ವಾಸಿಯಾಗದೆ ಬಹುಕಾಲ ಉಳಿಯುವ ರೋಗಕ್ಕೂ ಖಿನ್ನತೆಗೂ ಇರುವ ನಂಟು ಹೊಸ ಶೋಧವೇನಲ್ಲ. ರೋಗವನ್ನು ಹೆಚ್ಚಿಸುವ ಸಂಗತಿಗಳಲ್ಲಿ ವಿಷಾದವೇ ಪ್ರಮುಖವಾದುದು ಎಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಚಿತೆ ಹೆಣವನ್ನು ಸುಟ್ಟರೆ ಚಿಂತೆ ಜೀವಂತವಾಗಿ ಸುಡುತ್ತದೆ ಎಂಬ ಲೋಕೋಕ್ತಿಯ ಆಶಯವೂ ಇದೇ. ಮಧುಮೇಹವುಳ್ಳವರಲ್ಲಿ ಖಿನ್ನತೆ ಕಾಣಿಸಿಕೊಳ್ಳುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂಬುದನ್ನು 2001ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು ತೋರಿಸಿತು. ಖಿನ್ನತೆಗೊಳಗಾದ ರೋಗಿ ಮೂಲರೋಗದ ಔಷಧವನ್ನೂ ಪಥ್ಯವನ್ನೂ ನಡಿಗೆಯನ್ನೂ ಬಿಡುತ್ತಾರೆ. ಅದರಿಂದ ರೋಗ ಉಲ್ಬಣಿಸುತ್ತದೆ. ಉಲ್ಬಣಿಸಿದ ರೋಗ ಮನಸ್ಸನ್ನು ಮತ್ತಷ್ಟು ಕುಗ್ಗಿಸುತ್ತದೆ. ಈ ಸುಳಿಯನ್ನು ಎಲ್ಲಿಯಾದರೂ ಒಂದು ಕಡೆ ಕತ್ತರಿಸುವುದು ಚಿಕಿತ್ಸೆಯ ಉದ್ದೇಶ.

ಆದರೆ ಚಿಕಿತ್ಸೆ ದೊರೆಯುವುದು ಕೆಲವರಿಗೆ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸಾಮಾನ್ಯ ಮಾನಸಿಕ ಕಾಯಿಲೆಗಳುಳ್ಳವರಲ್ಲಿ ಸುಮಾರು 85 ಪ್ರತಿಶತ ಜನರು ಚಿಕಿತ್ಸೆಯ ಹೊರಗೇ ಉಳಿದಿದ್ದರು. ವೈದ್ಯರ ಕೊರತೆ ಇದಕ್ಕೆ ದೊಡ್ಡ ಕಾರಣವೆಂಬುದು ನಿಜ. ಆದರೂ ವೈದ್ಯರನ್ನು ತಲುಪಿ, ಚೀಟಿ ಬರೆಸಿಕೊಂಡು, ಗುಳಿಗೆ ಕೊಂಡ ಮೇಲೆಯೂ ಅದನ್ನು ತೆಗೆದುಕೊಳ್ಳದವರ ಸಂಗತಿಯನ್ನು ವೈದ್ಯರ ಸಂಖ್ಯೆಯಿಂದ ಮಾತ್ರ ವಿವರಿಸಲಾಗದು. ಇಲ್ಲಿ ಸಾಂಸ್ಕೃತಿಕ ವಿಶ್ಲೇಷಣೆ ಅಗತ್ಯವಾಗುತ್ತದೆ.

2. ಬೇನೆಯನ್ನು ಹೇಳುವ ಭಾಷೆ

‘ಖಿನ್ನತೆ’ ಎಂಬುದು ಪುಸ್ತಕದ ಪದ. ಆಡುಮಾತಿನಲ್ಲಿ ಅದರ ಜಾಗದಲ್ಲಿ ಬೇಸರ, ಸಂಕಟ, ಕೊರಗು, ಎದೆಭಾರ, ಕರಾವಳಿಯಲ್ಲಿ ಮಂಡೆಬಿಸಿ, ಇತ್ತೀಚಿನ ದಶಕಗಳಲ್ಲಿ ಎಲ್ಲೆಡೆ ‘ಟೆನ್ಷನ್’ ಮುಂತಾದ ಮಾತುಗಳಿವೆ. ಉತ್ತರ ಕರ್ನಾಟಕದ ‘ಜೀವಕ್ಕ ಬ್ಯಾಸರ’ ಎಂಬ ಮಾತಿನಲ್ಲಿ ದಣಿವು, ನಿರಾಸಕ್ತಿ, ಬದುಕು ಸಾಕೆನಿಸುವಿಕೆ ಎಲ್ಲವೂ ಒಟ್ಟಿಗೆ ಅಡಕವಾಗಿವೆ. ಈ ಮಾತುಗಳಲ್ಲಿ ಬಹುತೇಕವು ಮನಸ್ಸನ್ನೂ ದೇಹವನ್ನೂ ಬೇರೆಬೇರೆಯಾಗಿ ನೋಡುವುದಿಲ್ಲ. ಎದೆಯ ಭಾರವೂ ತಲೆಯ ಬಿಸಿಯೂ ಏಕಕಾಲಕ್ಕೆ ಅಂಗದ ಅನುಭವ ಮತ್ತು ಭಾವದ ಅನುಭವ.

ಇಂಥ ಅಭಿವ್ಯಕ್ತಿಗಳ ಅಧ್ಯಯನದಲ್ಲಿ ಕನ್ನಡ ಪ್ರದೇಶಕ್ಕೆ ವಿಶೇಷ ಸ್ಥಾನವಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ದಕ್ಷಿಣ ಕನ್ನಡದ ಹವ್ಯಕ ಸಮುದಾಯದ ಮಹಿಳೆಯರನ್ನು ಕುರಿತು ನಡೆಸಿದ ಅಧ್ಯಯನವನ್ನು 1981ರಲ್ಲಿ ಪ್ರಕಟಿಸಿದರು. ನೇರವಾಗಿ ಹೇಳಲಾಗದ ಸಂಕಟವನ್ನು ಊಟ ಬಿಡುವುದು, ಮಡಿ-ಮೈಲಿಗೆಯ ಅತಿಯಾದ ಆಚರಣೆ, ದೇಹದ ಬಾಧೆ, ಔಷಧ ಸೇವನೆ ಮೊದಲಾದವುಗಳ ಮೂಲಕ ಹೇಗೆ ಹೇಳಲಾಗುತ್ತದೆ ಎಂಬುದನ್ನು ಅವರು ವಿವರಿಸಿದರು. ‘ಸಂಕಟದ ನುಡಿಗಟ್ಟು’ ಎಂಬ ಅವರ ಪರಿಕಲ್ಪನೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಇದಕ್ಕೆ ಪೂರಕವಾದ ಇನ್ನೊಂದು ಅಧ್ಯಯನ ಬೆಂಗಳೂರಿನದು. ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಸಹೋದ್ಯೋಗಿಗಳು 80 ಮಂದಿ ಹೊರರೋಗಿಗಳನ್ನು ಸಂದರ್ಶಿಸಿ 1996ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದಷ್ಟೂ ಕಳಂಕದ ಭಾವ ಹೆಚ್ಚಾಗಿತ್ತು. ದೇಹಬಾಧೆಯ ಲಕ್ಷಣಗಳು ಹೆಚ್ಚಿದ್ದಲ್ಲಿ ಕಳಂಕದ ಭಾವ ಕಡಿಮೆಯಿತ್ತು. ಮೈನೋವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಮನಸ್ಸಿನ ನೋವನ್ನು ಹೇಳಿಕೊಂಡರೆ ಮಗಳ ಮದುವೆಗೆ ಅಡ್ಡಿ, ಸಂಬಂಧಿಕರಲ್ಲಿ ಮಾತು.

ದೀರ್ಘಕಾಲೀನ ರೋಗಿಯ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರಲ್ಲಿ ಸಮಾಜ ಒಪ್ಪುವ ದೇಹದ ರೋಗವೊಂದು ಈಗಾಗಲೇ ಇದೆ. ಮನಸ್ಸಿನ ಗುಳಿಗೆಯನ್ನು ಒಪ್ಪುವುದೆಂದರೆ ಮಾನ್ಯತೆಯಿರುವ ರೋಗಿಯ ಸ್ಥಾನದಿಂದ ಅನುಮಾನಕ್ಕೊಳಗಾಗುವ ರೋಗಿಯ ಸ್ಥಾನಕ್ಕೆ ಇಳಿದಂತೆ ಎಂಬ ಭಯ ಅವರನ್ನು ಕಾಡುತ್ತದೆ. ಹಲವು ನಿರಾಕರಣೆಗಳ ಬೇರು ಇಲ್ಲಿದೆ.

3. ‘ಮದ್ದು’ ಪದದ ಅರ್ಥವ್ಯಾಪ್ತಿ

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧ. ಅದೇ ಪದಕ್ಕೆ ಸಿಡಿಮದ್ದು ಎಂಬ ಅರ್ಥವೂ ಇದೆ. ‘ಮದ್ದು ಹಾಕುವುದು’ ಎಂಬ ನುಡಿಗಟ್ಟಿನಲ್ಲಿ ಅದು ಊಟ-ಪಾನೀಯದಲ್ಲಿ ಬೆರೆಸಿ ಕೊಟ್ಟು ವ್ಯಕ್ತಿಯ ಮನಸ್ಸನ್ನು ತಿರುಗಿಸುವ ಅಥವಾ ಅವನನ್ನು ಸೊರಗಿಸುವ ವಸ್ತು. ಹೀಗೆ ಹಾಕಿದ ಮದ್ದನ್ನು ‘ತೆಗೆಯುವ’ ಪರಿಣತರೂ ನಾಡಿನ ಹಲವೆಡೆ ಇದ್ದಾರೆ. ಗುಣಪಡಿಸುವ ಶಕ್ತಿ ಮತ್ತು ಕೆಡಿಸುವ ಶಕ್ತಿ ಒಂದೇ ಪದದಲ್ಲಿ ನೆಲೆಸಿರುವುದು ಆಕಸ್ಮಿಕವಲ್ಲ. ಹೊಟ್ಟೆಗೆ ಹೋದ ವಸ್ತು ಮನಸ್ಸನ್ನು ಅದರ ಒಡೆಯನಿಗೆ ತಿಳಿಯದಂತೆ ಬದಲಿಸಬಲ್ಲದು ಎಂಬ ನಂಬಿಕೆಯ ಹಿನ್ನೆಲೆಯಲ್ಲಿ ‘ಮನಸ್ಸನ್ನು ಸರಿಪಡಿಸುವ ಗುಳಿಗೆ’ ಎಂಬ ವೈದ್ಯರ ಮಾತು ಬೇರೆಯೇ ಧ್ವನಿಯನ್ನು ಪಡೆಯುತ್ತದೆ. ‘ಇದನ್ನು ನುಂಗಿದ ಮೇಲೆ ನಾನು ನಾನಾಗಿ ಉಳಿಯುತ್ತೇನೆಯೆ?’ ಎಂಬ ಅಳುಕು ಅಲ್ಲಿ ಸಹಜ.

ಎರಡನೆಯ ನೆಲೆ ಉಷ್ಣ-ಶೀತಗಳದು. ನಿಕ್ಟರ್ ಅವರೇ 1980ರಲ್ಲಿ ಪ್ರಕಟಿಸಿದ ಮತ್ತೊಂದು ಲೇಖನ ದಕ್ಷಿಣ ಕನ್ನಡದ ಗ್ರಾಮಸ್ಥರು ಔಷಧಗಳನ್ನು ಗ್ರಹಿಸುವ ರೀತಿಯನ್ನು ಕುರಿತದ್ದು. ಇಂಗ್ಲಿಷ್ ಔಷಧ ಬೇಗ ಕೆಲಸ ಮಾಡುತ್ತದೆ, ಆದರೆ ದೇಹಕ್ಕೆ ಉಷ್ಣ; ಗಟ್ಟಿ ದೇಹಕ್ಕೆ ಸರಿ, ಎಳೆಯರಿಗೂ ಮುದುಕರಿಗೂ ನಿಶ್ಶಕ್ತರಿಗೂ ಭಾರ ಎಂಬ ತಿಳಿವಳಿಕೆಯನ್ನು ಅವರು ಅಲ್ಲಿ ಗುರುತಿಸಿದರು. ‘ಮೈಗೆ ಒಗ್ಗುವುದು’ ಎಂಬ ಪರಿಕಲ್ಪನೆ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಒಂದೇ ಔಷಧ ಒಬ್ಬರಿಗೆ ಒಗ್ಗಿ ಮತ್ತೊಬ್ಬರಿಗೆ ಒಗ್ಗದಿರಬಹುದು. ಔಷಧದ ಶಕ್ತಿಯನ್ನು ದೇಹದ ತಾಳಿಕೆಯೊಡನೆ ತೂಗಿ ನೋಡುವ ಈ ದೃಷ್ಟಿಯನ್ನು ನಿರ್ಧಾರದ ಸಂದರ್ಭದಲ್ಲಿ ಗಂಭೀರವಾಗಿ ಪರಿಗಣಿಸಬೇಕಾಗಿದೆ.

4. ಖಿನ್ನತೆ ನಿವಾರಕಗಳ ಹುಟ್ಟು

ಈ ಔಷಧಗಳ ಚರಿತ್ರೆಯೇ ದೀರ್ಘಕಾಲೀನ ರೋಗಿಗಳ ವಾರ್ಡಿನಲ್ಲಿ ಆರಂಭವಾಗುತ್ತದೆ. 1952ರ ಸುಮಾರಿಗೆ ನ್ಯೂಯಾರ್ಕ್ ನಗರದ ಸೀವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಐಪ್ರೋನಿಯಾಜಿಡ್ ಎಂಬ ಔಷಧವನ್ನು ಕೊಡಲಾಯಿತು. ಹಾಸಿಗೆ ಹಿಡಿದಿದ್ದವರಲ್ಲಿ ಹಸಿವು, ಉತ್ಸಾಹ, ಮಾತುಕತೆ ಮರಳಿದ್ದು ವೈದ್ಯರ ಗಮನಕ್ಕೆ ಬಂದಿತು. 1957ರಲ್ಲಿ ಅದು ಖಿನ್ನತೆಯ ಔಷಧವಾಗಿ ಗುರುತಿಸಿಕೊಂಡಿತು; ಯಕೃತ್ತಿಗೆ ಹಾನಿಮಾಡುವುದು ತಿಳಿದುಬಂದ ಮೇಲೆ ಅಮೆರಿಕದಲ್ಲಿ 1961ರಲ್ಲಿ ಹಿಂದಕ್ಕೆ ಸರಿಯಿತು. ಅದೇ ಕಾಲದಲ್ಲಿ ಸ್ವಿಟ್ಜರ್‌ಲೆಂಡಿನ ರೋಲಾಂಡ್ ಕೂನ್ ಇಮಿಪ್ರಮಿನ್ ಔಷಧದ ಗುಣವನ್ನು ಗುರುತಿಸಿದ್ದರು. 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫ್ಲೂಯೊಕ್ಸೆಟಿನ್ ಹಾಗೂ ಅನಂತರದ ಸರ್ಟ್ರಾಲಿನ್, ಎಸಿಟಾಲೊಪ್ರಾಮ್ ಮೊದಲಾದವು ಇಂದು ಹೆಚ್ಚು ಬಳಕೆಯಲ್ಲಿವೆ. ಉಪಕಾರ ಮಾಡಿದ ಮೊದಲ ಔಷಧವೇ ಅಪಕಾರವನ್ನೂ ಮಾಡಿತೆಂಬ ಈ ಚರಿತ್ರೆ ‘ಮದ್ದು’ ಪದದ ಎರಡು ಮುಖಗಳನ್ನು ನೆನಪಿಸುವಂತಿದೆ.

5. ಆಕ್ಷೇಪಗಳೊಳಗಿನ ಪ್ರಶ್ನೆಗಳು

5.1 ‘ಕಾಯಿಲೆ ಇದ್ದ ಮೇಲೆ ಬೇಸರ ಇರುವುದಿಲ್ಲವೆ?’

ಇದು ಮೊದಲ ಮತ್ತು ಅತ್ಯಂತ ಸಮಂಜಸವಾದ ಆಕ್ಷೇಪ. ದಣಿವು, ನಿದ್ರಾಹೀನತೆ, ಹಸಿವಿಲ್ಲದಿರುವುದು ಮೂಲರೋಗದಿಂದಲೂ ಬರುತ್ತವೆ, ಖಿನ್ನತೆಯಿಂದಲೂ ಬರುತ್ತವೆ. ಆದ್ದರಿಂದ ವೈದ್ಯರು ಬೇರೆ ಲಕ್ಷಣಗಳತ್ತ ನೋಡುತ್ತಾರೆ: ಎರಡು ವಾರಗಳಿಗೂ ಮಿಕ್ಕಿ ದಿನದ ಬಹುಭಾಗ ಉಳಿಯುವ ಕುಗ್ಗುವಿಕೆ, ಹಿಂದೆ ಸಂತೋಷ ಕೊಡುತ್ತಿದ್ದ ಯಾವುದರಲ್ಲಿಯೂ ರುಚಿಯಿಲ್ಲದಿರುವುದು, ತಾನು ಮನೆಯವರಿಗೆ ಹೊರೆ ಎಂಬ ಭಾವ, ಸಾವಿನ ಯೋಚನೆ. ಮೊಮ್ಮಗು ಮಡಿಲಿಗೆ ಬಂದಾಗಲೂ ಅರಳದ ಮುಖ ಕೀಲುನೋವಿನದಷ್ಟೇ ಆಗಿರಲಾರದು.

ಗುಳಿಗೆ ಬರೆಯುವ ಮೊದಲು ಪರೀಕ್ಷಿಸಬೇಕಾದ ದೈಹಿಕ ಕಾರಣಗಳೂ ಇವೆ. ರಕ್ತಹೀನತೆ ಮತ್ತು ಥೈರಾಯ್ಡ್ ಕೊರತೆ ಬೇಸರವನ್ನೇ ಹೋಲುವ ದಣಿವನ್ನು ತರುತ್ತವೆ. ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಬಹುದು. ಸಂಧಿವಾತಕ್ಕೂ ಉಬ್ಬಸಕ್ಕೂ ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ಗಳು ಮನಸ್ಸಿನ ಸ್ಥಿತಿಯನ್ನು ಏರುಪೇರು ಮಾಡಬಲ್ಲವು. ಇವುಗಳನ್ನು ಸರಿಪಡಿಸಿದರೆ ಕೆಲವರಿಗೆ ಬೇರೆ ಗುಳಿಗೆಯ ಅಗತ್ಯವೇ ಬೀಳದಿರಬಹುದು.

5.2 ‘ಇಂಗ್ಲಿಷ್ ಗುಳಿಗೆ ಉಷ್ಣ’

ಖಿನ್ನತೆ ನಿವಾರಕಗಳನ್ನು ಆರಂಭಿಸಿದ ಮೊದಲ ಒಂದೆರಡು ವಾರ ವಾಕರಿಕೆ, ಹೊಟ್ಟೆ ಕೆಡುವುದು, ಬೆವರು, ಚಡಪಡಿಕೆ ಕಾಣಿಸಬಹುದು. ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಗುಂಪಿನ ಔಷಧಗಳಿಂದ ಬಾಯಿ ಒಣಗುವುದೂ ಮಲಬದ್ಧತೆಯೂ ಸಾಮಾನ್ಯ. ಜನಪದ ದೇಹಜ್ಞಾನದ ಪ್ರಕಾರ ಇವೆಲ್ಲ ಉಷ್ಣದ ಲಕ್ಷಣಗಳೇ. ತೊಡಕೆಂದರೆ, ಬಾಧೆ ಮೊದಲ ದಿನದಿಂದ ಕಾಣಿಸುತ್ತದೆ, ಫಲ ಕಾಣಲು 2ರಿಂದ 6 ವಾರ ಬೇಕು. ‘ಇಂಗ್ಲಿಷ್ ಔಷಧ ಬೇಗ ನಾಟುತ್ತದೆ’ ಎಂದು ನಂಬಿದವರಿಗೆ ಹತ್ತು ದಿನಗಳಲ್ಲಿ ಉಷ್ಣ ಮಾತ್ರ ಸಿಕ್ಕಿ ಗುಣ ಸಿಗದಿದ್ದರೆ, ಔಷಧ ಒಗ್ಗಲಿಲ್ಲವೆಂಬ ತೀರ್ಮಾನ ತರ್ಕಬದ್ಧವೇ ಆಗುತ್ತದೆ. ಈ ಕಾಲದ ಅಂತರವನ್ನು ಮೊದಲೇ ತಿಳಿಸಿಹೇಳುವುದು ಎಲ್ಲಕ್ಕಿಂತ ಮುಖ್ಯ.

ಉಷ್ಣವನ್ನು ತಣಿಸುವ ಮನೆಯ ಉಪಾಯಗಳೂ ನಿರ್ಧಾರದ ಭಾಗವೇ. ಮಜ್ಜಿಗೆ, ಜೀರಿಗೆ ಕಷಾಯ ಸಾಮಾನ್ಯವಾಗಿ ನಿರಪಾಯಕಾರಿ. ಆದರೆ ಮೂತ್ರಪಿಂಡ ವೈಫಲ್ಯವಿರುವವರು ಗುಳಿಗೆಯ ಉಷ್ಣಕ್ಕೆಂದು ಎಳನೀರು ಕುಡಿದರೆ ಅದರಲ್ಲಿರುವ ಪೊಟ್ಯಾಸಿಯಂ ಹೃದಯದ ಬಡಿತಕ್ಕೇ ಅಪಾಯ ತರಬಲ್ಲದು. ಉಷ್ಣ ಹೆಚ್ಚಬಾರದೆಂದು ದಿನ ಬಿಟ್ಟು ದಿನ ನುಂಗುವ, ಉಪವಾಸದ ದಿನ ಬಿಡುವ ರೂಢಿಗಳಿಂದ ಔಷಧದ ಫಲವೇ ತಪ್ಪುತ್ತದೆ. ಅದೇ ವೇಳೆ ‘ಮೈಗೆ ಒಗ್ಗಿಸಿಕೊಳ್ಳುವ’ ಕಲ್ಪನೆ ಚಿಕಿತ್ಸಾಕ್ರಮಕ್ಕೆ ಹತ್ತಿರವಾದುದು. ವಯಸ್ಸಾದವರಿಗೂ ಬೇರೆ ರೋಗಗಳಿರುವವರಿಗೂ ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುವುದೇ ವೈದ್ಯರ ಪದ್ಧತಿ. ನಿಶ್ಶಕ್ತ ದೇಹಕ್ಕೆ ಬಲವಾದ ಔಷಧ ಭಾರವೆಂಬ ದಕ್ಷಿಣ ಕನ್ನಡದ ಗ್ರಾಮಸ್ಥರ ತಿಳಿವಳಿಕೆಗೆ ಇದು ವಿರುದ್ಧವಲ್ಲ.

5.3 ‘ಇರುವ ಗುಳಿಗೆಗಳೇ ಸಾಲದೆ?’

ಬೆಳಗ್ಗೆ ಸಕ್ಕರೆಯದು, ಮಧ್ಯಾಹ್ನ ರಕ್ತದೊತ್ತಡದ್ದು, ರಾತ್ರಿ ಹೃದಯದ್ದು ಎಂದು ಗುಳಿಗೆಗಳೇ ಊಟವಾಗಿರುವವರಿಗೆ ಇನ್ನೊಂದು ಗುಳಿಗೆ ಬೇಡವೆನಿಸುವುದು ಸಹಜ. ಈ ಹಿಂಜರಿಕೆಯ ಒಳಗೆ ಒಂದು ಔಷಧ ಇನ್ನೊಂದಕ್ಕೆ ಹೊಂದುತ್ತದೆಯೆ ಎಂಬ ಪ್ರಶ್ನೆಯಿದೆ. ಆಹಾರದಲ್ಲಿ ವಿರುದ್ಧವಾದವುಗಳನ್ನು ಒಟ್ಟಿಗೆ ತಿನ್ನಬಾರದೆಂಬ ಎಚ್ಚರದ ಮುಂದುವರಿಕೆಯಾಗಿ ಇದನ್ನು ಕಾಣಬಹುದು.

ವೈದ್ಯಶಾಸ್ತ್ರದ ಉತ್ತರ ಇಲ್ಲಿ ಖಚಿತವಾಗಿದೆ. ಸರ್ಟ್ರಾಲಿನ್ ಗುಂಪಿನ ಔಷಧಗಳನ್ನು ಆಸ್ಪಿರಿನ್ ಅಥವಾ ನೋವುನಿವಾರಕಗಳ ಜೊತೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆ ಸೇವಿಸುವ ವೃದ್ಧರಲ್ಲಿ ರಕ್ತದ ಸೋಡಿಯಂ ಇಳಿದು ಗೊಂದಲ, ತೂಕಡಿಕೆ ಉಂಟಾಗಬಹುದು. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಫ್ಲೂಯೊಕ್ಸೆಟಿನ್, ಪರಾಕ್ಸೆಟಿನ್‌ಗಳು ತಕ್ಕವಲ್ಲ. ಅವು ಟ್ಯಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪ ಪಡೆಯುವುದನ್ನು ತಡೆಯುತ್ತವೆ. ನೋವಿನ ಟ್ರಾಮಡಾಲ್ ಹಾಗೂ ಔಷಧಕ್ಕೆ ಜಗ್ಗದ ಕ್ಷಯಕ್ಕೆ ಕೊಡುವ ಲಿನೆಜೋಲಿಡ್ ಜೊತೆಗೂ ಎಚ್ಚರ ಬೇಕು. ಹಳೆಯ ಗುಂಪಿನ ಔಷಧಗಳು ಹೃದ್ರೋಗ, ಪ್ರಾಸ್ಟೇಟ್ ತೊಂದರೆ, ಕಣ್ಣಿನ ಗ್ಲಾಕೋಮಾ ಇರುವವರಿಗೆ ತೊಡಕಾಗಬಲ್ಲವು. ಆದ್ದರಿಂದ ‘ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳ ಜೊತೆ ಇದು ಹೊಂದುತ್ತದೆಯೆ?’ ಎಂದು ಕೇಳುವ ರೋಗಿ ವೈದ್ಯರನ್ನು ಅನುಮಾನಿಸುತ್ತಿಲ್ಲ, ಅವರಿಗೆ ನೆರವಾಗುತ್ತಿದ್ದಾರೆ. ನಾಟಿ ಔಷಧ, ಚೂರ್ಣ, ಲೇಹ್ಯಗಳ ಸೇವನೆಯನ್ನು ಮುಚ್ಚಿಡದೆ ಹೇಳುವುದೂ ಈ ಕಾರಣಕ್ಕೇ ಅಗತ್ಯ.

5.4 ‘ಒಮ್ಮೆ ಹಿಡಿದರೆ ಬಿಡಿಸಲಾಗದು’

ಚಟದ ಭಯಕ್ಕೆ ಆಧಾರವಿಲ್ಲದೆ ಇಲ್ಲ. ದಶಕಗಳ ಕಾಲ ‘ನಿದ್ದೆ ಗುಳಿಗೆ’ಯ ಹೆಸರಿನಲ್ಲಿ ಜನರು ಬಲ್ಲ ಆಲ್ಪ್ರಜೋಲಾಮ್‌ನಂಥವು ನಿಜಕ್ಕೂ ಅವಲಂಬನೆ ಉಂಟುಮಾಡುತ್ತವೆ. ಮನಸ್ಸಿಗೆ ಕೊಡುವ ಗುಳಿಗೆಗಳೆಲ್ಲ ಒಂದೇ ಎಂದು ತಿಳಿದಾಗ ಆ ಅನುಭವ ಖಿನ್ನತೆ ನಿವಾರಕಗಳಿಗೂ ಅಂಟಿಕೊಳ್ಳುತ್ತದೆ. ಇವು ಹೆಂಡ-ತಂಬಾಕಿನಂತೆ ಹಂಬಲ ಹುಟ್ಟಿಸುವುದಿಲ್ಲ, ಅಮಲು ತರುವುದಿಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ, ನಿದ್ರಾಭಂಗ ಉಂಟಾಗುತ್ತದೆ. ಕೆಲವರಿಗೆ ಇದು ತೀವ್ರವಾಗಿಯೂ ಬಹುದಿನವೂ ಇರಬಹುದು. ಆದ್ದರಿಂದ ಗುಣ ಕಂಡ ಮೇಲೆ ಕನಿಷ್ಠ 6 ತಿಂಗಳು ಮುಂದುವರಿಸಿ, ಅನಂತರ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸುವುದು ಕ್ರಮ. ‘ಚಟವೇನೂ ಇಲ್ಲ’ ಎಂಬ ಅರ್ಧ ಉತ್ತರ ಕೇಳಿ, ಗುಳಿಗೆ ಬಿಟ್ಟ ದಿನ ತಲೆಸುತ್ತು ಬಂದರೆ, ರೋಗಿ ಮುಂದೆ ಯಾವ ಮಾತನ್ನೂ ನಂಬುವುದಿಲ್ಲ.

5.5 ‘ನನ್ನ ನೋವು ಸುಳ್ಳೆಂದು ಹೇಳಿದಂತಲ್ಲವೆ?’

ಇದು ಬಾಯಿಬಿಟ್ಟು ಹೇಳದ, ಆದರೆ ಆಳದಲ್ಲಿ ಚುಚ್ಚುವ ಆಕ್ಷೇಪ. ಸಂಧಿವಾತದ ರೋಗಿಗೆ ಅಮಿಟ್ರಿಪ್ಟಿಲಿನ್ ಬರೆದಾಗ, ಔಷಧದಂಗಡಿಯವರು ‘ಇದು ತಲೆಗೆ ಕೊಡುವ ಮಾತ್ರೆ’ ಎಂದು ಹೇಳಿದರೆ, ವರ್ಷಗಳ ನೋವು ಕ್ಷಣದಲ್ಲಿ ‘ಮನಸ್ಸಿನ ಭ್ರಮೆ’ಯಾಗಿ ಮಾರ್ಪಟ್ಟಂತೆ ಅವರಿಗೆ ತೋರುತ್ತದೆ. ವಾಸ್ತವದಲ್ಲಿ ಈ ಔಷಧವನ್ನು ಸಣ್ಣ ಪ್ರಮಾಣದಲ್ಲಿ ನರಗಳ ನೋವಿಗೂ ಅರೆತಲೆನೋವಿಗೂ ಕೊಡುವುದುಂಟು. ಡುಲೊಕ್ಸೆಟಿನ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಖಿನ್ನತೆಗೂ ಮಧುಮೇಹದ ನರನೋವಿಗೂ ಅನುಮತಿ ದೊರೆಯಿತು. ನೋವು ಮತ್ತು ದುಃಖ ನರಮಂಡಲದಲ್ಲಿ ಕೆಲವು ಹಾದಿಗಳನ್ನು ಹಂಚಿಕೊಂಡಿರುವುದೇ ಇದಕ್ಕೆ ಕಾರಣ. ‘ಎದೆಭಾರ’ ಎಂಬ ಪದದಲ್ಲಿ ಮೈ ಮನಸ್ಸುಗಳೆರಡನ್ನೂ ಒಟ್ಟಿಗೆ ಹಿಡಿದ ಭಾಷೆಗೆ ಈ ವಿವರಣೆ ಅಪರಿಚಿತವಾಗಬೇಕಿಲ್ಲ. ಗುಳಿಗೆಯನ್ನು ಯಾವುದಕ್ಕಾಗಿ ಕೊಡಲಾಗುತ್ತಿದೆ ಎಂಬುದನ್ನು ಕೊಡುವವರು ಸ್ಪಷ್ಟವಾಗಿ ಹೇಳುವುದಷ್ಟೇ ಬೇಕಾಗಿರುವುದು.

5.6 ‘ನಾನು ನಾನಾಗಿ ಉಳಿಯುತ್ತೇನೆಯೆ?’

ಮದ್ದು ಹಾಕುವ ನಂಬಿಕೆಯ ನೆರಳಿನಲ್ಲಿ ಹುಟ್ಟುವ ಈ ಪ್ರಶ್ನೆಗೆ ಪೂರ್ಣ ನಿರಾಕರಣೆ ಸರಿಯಾದ ಉತ್ತರವಲ್ಲ. ಕೆಲವರಿಗೆ ಭಾವನೆಗಳು ಮಂಕಾದಂತೆ, ಅಳುವೂ ನಗುವೂ ದೂರ ಸರಿದಂತೆ ಅನಿಸುವುದುಂಟು. ದಾಂಪತ್ಯದ ಆಸಕ್ತಿ ಕುಂದುವುದೂ ಉಂಟು. ಸಂಕೋಚದಿಂದ ಇದನ್ನು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯೂ ಇದೆ. ಇಂಥ ಬದಲಾವಣೆ ಕಂಡರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸಲು ಅವಕಾಶವಿದೆ. ಬಹುಮಂದಿಗೆ ಆಗುವ ಅನುಭವ ಇದಕ್ಕೆ ವಿರುದ್ಧವಾದುದು: ಖಿನ್ನತೆಯೇ ಅವರನ್ನು ಅವರಿಂದ ದೂರ ಮಾಡಿತ್ತು, ಚಿಕಿತ್ಸೆ ಅವರನ್ನು ಮರಳಿಸುತ್ತದೆ.

6. ಫಲಾಫಲಗಳ ಸಾಕ್ಷ್ಯ

ಹಾಗಾದರೆ ಗುಳಿಗೆಯಿಂದ ಎಷ್ಟು ಫಲ? ದೀರ್ಘಕಾಲೀನ ರೋಗಿಗಳನ್ನೇ ಕುರಿತ ಅಧ್ಯಯನಗಳು ಒಂದೇ ಉತ್ತರ ಕೊಡುವುದಿಲ್ಲ. ಹೃದಯಾಘಾತ ಮತ್ತು ಅಸ್ಥಿರ ಹೃದಯಶೂಲೆಗೆ ಒಳಗಾಗಿದ್ದ 369 ಖಿನ್ನ ರೋಗಿಗಳನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸರ್ಟ್ರಾಲಿನ್ ಹೃದಯಕ್ಕೆ ಸುರಕ್ಷಿತವೆಂದು ಕಂಡುಬಂದಿತು. ತೀವ್ರ ಮತ್ತು ಮರುಕಳಿಸುವ ಖಿನ್ನತೆಯಲ್ಲಿ ಫಲವೂ ಸ್ಪಷ್ಟವಾಗಿತ್ತು. ಆದರೆ ಡಯಾಲಿಸಿಸ್ ಹಂತ ತಲುಪದ 201 ಮೂತ್ರಪಿಂಡ ರೋಗಿಗಳನ್ನು ಕುರಿತ 2017ರ ಅಧ್ಯಯನದಲ್ಲಿ ಅದೇ ಔಷಧ ಹುಸಿಗುಳಿಗೆಗಿಂತ ಹೆಚ್ಚಿನ ಫಲ ಕೊಡಲಿಲ್ಲ. ವಾಕರಿಕೆ, ಭೇದಿ ಮಾತ್ರ ಹೆಚ್ಚಾದವು. ಒಬ್ಬರಿಗೆ ಒಗ್ಗಿದ್ದು ಎಲ್ಲರಿಗೂ ಒಗ್ಗಬೇಕಿಲ್ಲ ಎಂಬ ಮಾತಿಗೆ ಇದು ಪ್ರಯೋಗದ ಸಾಕ್ಷ್ಯ. ಬ್ರಿಟನ್ನಿನ ನೈಸ್ ಸಂಸ್ಥೆ ದೀರ್ಘಕಾಲೀನ ದೈಹಿಕ ರೋಗಿಗಳ ಖಿನ್ನತೆಯನ್ನು ಕುರಿತು 2009ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸೌಮ್ಯ ಖಿನ್ನತೆಗೆ ವಾಡಿಕೆಯಂತೆ ಔಷಧ ಕೊಡಬಾರದೆಂದೂ, ಮಧ್ಯಮ ಹಾಗೂ ತೀವ್ರ ಸ್ಥಿತಿಗಳಲ್ಲಿ ಅದನ್ನು ಪರಿಗಣಿಸಬೇಕೆಂದೂ ಸೂಚಿಸಿತು.

ಗುಳಿಗೆಯೊಂದೇ ದಾರಿಯೂ ಅಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 495 ಮಂದಿ ತೀವ್ರ ಖಿನ್ನತೆಯುಳ್ಳವರಿಗೆ, ವೈದ್ಯರಲ್ಲದ ತರಬೇತಿ ಪಡೆದ ಆಪ್ತಸಲಹೆಗಾರರು ಕೆಲವೇ ಭೇಟಿಗಳಲ್ಲಿ ನೀಡಿದ ಮಾತಿನ ಚಿಕಿತ್ಸೆ ಫಲಕಾರಿಯಾದುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೆಂಗಳೂರೂ ಸೇರಿದಂತೆ ಭಾರತದ 4 ಮಧುಮೇಹ ಚಿಕಿತ್ಸಾಲಯಗಳಲ್ಲಿ 404 ರೋಗಿಗಳನ್ನು ಒಳಗೊಂಡ 2020ರ ಅಧ್ಯಯನದಲ್ಲಿ, ಮಧುಮೇಹ ಮತ್ತು ಖಿನ್ನತೆಗಳನ್ನು ಒಂದೇ ತಂಡ ಒಟ್ಟಿಗೆ ನೋಡಿಕೊಂಡಾಗ 24 ತಿಂಗಳ ಬಳಿಕ 71.6 ಪ್ರತಿಶತ ರೋಗಿಗಳಲ್ಲಿ ಖಿನ್ನತೆ ಅರ್ಧಕ್ಕೆ ಇಳಿದುದಲ್ಲದೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿತು. ವಾಡಿಕೆಯ ಚಿಕಿತ್ಸೆಯಲ್ಲಿ ಈ ಪ್ರಮಾಣ 57.4 ಇತ್ತು. ಮನಸ್ಸಿನ ಚಿಕಿತ್ಸೆ ಸಕ್ಕರೆ ಕಾಯಿಲೆಯ ಚಿಕಿತ್ಸೆಯ ಜೊತೆಗೇ, ಅದೇ ಬಾಗಿಲಲ್ಲಿ ದೊರೆತಾಗ ‘ತಲೆ ಡಾಕ್ಟರ’ ಬಳಿಗೆ ಹೋಗುವ ಕಳಂಕವೂ ತಪ್ಪುತ್ತದೆ ಎಂಬುದು ಜಾನಪದ ದೃಷ್ಟಿಯಿಂದ ಗಮನಾರ್ಹ.

7. ನಿರ್ಧಾರ ಯಾರದು?

ಕುಟುಂಬದಲ್ಲಿ ರೋಗಿಯ ಔಷಧ ನಿರ್ಧಾರ ರೋಗಿಯೊಬ್ಬರದಾಗಿರುವುದು ವಿರಳ. ಹಣ ಕೊಡುವ ಮಗ, ಬಸ್ಸಿನಲ್ಲಿ ಕರೆದೊಯ್ಯುವ ಅಳಿಯ, ಪಥ್ಯದ ಅಡುಗೆ ಮಾಡುವ ಸೊಸೆ ಎಲ್ಲರಿಗೂ ಅದರಲ್ಲಿ ಮಾತಿದೆ. ಇದು ಆಸರೆಯೂ ಹೌದು, ಅಂಕುಶವೂ ಹೌದು. ಮಾತ್ರೆಯನ್ನು ಯಾರೂ ಕಾಣದಂತೆ ನುಂಗುವ ಸೊಸೆಗೆ, ಅಡ್ಡಪರಿಣಾಮ ಬಂದರೆ ಹೇಳಿಕೊಳ್ಳಲು ಯಾರೂ ಇರುವುದಿಲ್ಲ. ಎ.ಕೆ. ರಾಮಾನುಜನ್ ಅವರು 1991ರ ತಮ್ಮ ಭಾರತೀಯ ಜನಪದ ಕಥೆಗಳ ಸಂಕಲನದಲ್ಲಿ ಸೇರಿಸಿರುವ ಕನ್ನಡ ಕಥೆಯೊಂದರಲ್ಲಿ, ಗೃಹಿಣಿಯೊಬ್ಬಳು ಯಾರಿಗೂ ಹೇಳದೆ ಇಟ್ಟುಕೊಂಡ ಕಥೆ ಮತ್ತು ಹಾಡು ಉಸಿರುಕಟ್ಟಿ ಹೊರಬಿದ್ದು ಪಾದರಕ್ಷೆ ಮತ್ತು ಅಂಗಿಯ ರೂಪ ತಾಳಿ ಗಂಡ-ಹೆಂಡಿರ ನಡುವೆ ಜಗಳ ತರುತ್ತವೆ. ಹೇಳದೆ ಉಳಿದದ್ದು ಸಾಯುವುದಿಲ್ಲ, ಬೇರೊಂದು ರೂಪದಲ್ಲಿ ಬಂದು ಕಾಡುತ್ತದೆ ಎಂಬುದು ಜನಪದರ ಅರಿವು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ತಮ್ಮ ಸಂಕಟವನ್ನು ಹಾಡಾಗಿಸುತ್ತಿದ್ದ ವ್ಯವಸ್ಥೆ ಹಿಟ್ಟಿನ ಗಿರಣಿ ಬಂದ ಮೇಲೆ ಮರೆಯಾಯಿತು; ಅದರ ಜಾಗ ಬಹುಮಟ್ಟಿಗೆ ಖಾಲಿ ಉಳಿದಿದೆ.

ಕಾನೂನಿನ ನಿಲುವು ಈ ವಿಷಯದಲ್ಲಿ ಸ್ಪಷ್ಟ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಮಾಹಿತಿಯನ್ನು ಅರಿತು ತನ್ನ ನಿರ್ಧಾರವನ್ನು ತಿಳಿಸಬಲ್ಲ ವ್ಯಕ್ತಿ ತನ್ನ ಚಿಕಿತ್ಸೆಯನ್ನು ತಾನೇ ನಿರ್ಧರಿಸಲು ಸಮರ್ಥನೆಂದು ಮಾನ್ಯಮಾಡುತ್ತದೆ. ಮಾಹಿತಿ ಪಡೆಯುವ ಹಕ್ಕನ್ನೂ ಗೋಪ್ಯತೆಯ ಹಕ್ಕನ್ನೂ ಕೊಡುತ್ತದೆ. ಸಮೀಪದಲ್ಲಿ ವೈದ್ಯರಿಲ್ಲದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416 ಸಂಖ್ಯೆಯಲ್ಲಿ, ಕನ್ನಡದಲ್ಲಿಯೂ ಸಲಹೆ ನೀಡುತ್ತದೆ.

ಸಾವಿನ ಯೋಚನೆ ಬಂದಾಗ, ಇನ್ಸುಲಿನ್ ಅಥವಾ ಡಯಾಲಿಸಿಸ್‌ನಂಥ ಜೀವರಕ್ಷಕ ಚಿಕಿತ್ಸೆಯನ್ನೇ ಬಿಡುವಷ್ಟು ಮನಸ್ಸು ಕುಸಿದಾಗ, ಹಿಂದೆ ಇಂಥದೇ ಸ್ಥಿತಿ ಬಂದು ಹೋಗಿದ್ದಾಗ ಕಾಯುವುದು ಹಾನಿಕರ. ಸ್ಥಿತಿ ಸೌಮ್ಯವಾಗಿದ್ದರೆ ದೈಹಿಕ ಕಾರಣಗಳ ಪರೀಕ್ಷೆ, ಮಾತಿನ ಚಿಕಿತ್ಸೆ, ನಡಿಗೆ, ಒಂದೆರಡು ವಾರ ಬಿಟ್ಟು ಮತ್ತೆ ವೈದ್ಯರ ಭೇಟಿ ಇವು ಮೊದಲ ಹೆಜ್ಜೆಗಳಾಗಬಹುದು. ಹರಕೆ, ದೇವರ ದರ್ಶನಗಳನ್ನು ಚಿಕಿತ್ಸೆಗೆ ಎದುರಾಗಿ ನಿಲ್ಲಿಸಬೇಕಾದ ಅಗತ್ಯವಿಲ್ಲ. ಅವುಗಳಿಗಾಗಿ ಚಿಕಿತ್ಸೆಯನ್ನು ಮುಂದೂಡಬಾರದು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಉಷ್ಣ, ಒಗ್ಗುವಿಕೆ, ಚಟ, ಮಾನ ಎಂಬ ಜನಪದ ಪರಿಕಲ್ಪನೆಗಳು ಚಿಕಿತ್ಸೆಗೆ ಅಡ್ಡಬಂದ ಗೋಡೆಗಳಲ್ಲ. ಅಡ್ಡಪರಿಣಾಮ, ಔಷಧಗಳ ಹೊಂದಾಣಿಕೆ, ಅವಲಂಬನೆ, ಕಳಂಕ ಎಂದು ವೈದ್ಯರು ಹೆಸರಿಸುವ ಸಂಗತಿಗಳನ್ನೇ ಅವು ಇನ್ನೊಂದು ಭಾಷೆಯಲ್ಲಿ ಹೇಳುತ್ತವೆ. ಎರಡು ಭಾಷೆಗಳ ನಡುವೆ ಅನುವಾದ ನಡೆಯದಿದ್ದಾಗ ಅಗತ್ಯವಿರುವವರು ಗುಳಿಗೆ ಬಿಡುತ್ತಾರೆ, ಅಗತ್ಯವಿಲ್ಲದವರು ವರ್ಷಗಟ್ಟಲೆ ನುಂಗುತ್ತಾರೆ. ಆರೋಗ್ಯ ಕಾರ್ಯಕರ್ತರ ತರಬೇತಿಯಲ್ಲಿ ಆಯಾ ಪ್ರದೇಶದ ಬೇನೆಯ ಪದಗಳನ್ನೂ ಔಷಧ ಕುರಿತ ನಂಬಿಕೆಗಳನ್ನೂ ಸೇರಿಸುವುದು, ಅಂಥ ಪದಕೋಶಗಳನ್ನು ಜಿಲ್ಲಾವಾರು ಸಂಗ್ರಹಿಸುವುದು ಜಾನಪದ ಅಧ್ಯಯನ ಮಾಡಬಹುದಾದ ಕೆಲಸ.

ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ ಎಂಬ ಗಾದೆಯನ್ನು ಸಾಮಾನ್ಯವಾಗಿ ಅದೃಷ್ಟದ ಹೊಂದಾಣಿಕೆಗೆ ಬಳಸಲಾಗುತ್ತದೆ. ಮನಸ್ಸಿನ ಗುಳಿಗೆಯ ವಿಷಯದಲ್ಲಿ ಅಂಥ ಹೊಂದಾಣಿಕೆ ತಾನಾಗಿ ಒದಗುವುದಿಲ್ಲ. ರೋಗಿ ತನ್ನ ಅಳುಕನ್ನು ಹೇಳಿ, ವೈದ್ಯರು ಗುಳಿಗೆಯ ಗುಣದೋಷಗಳೆರಡನ್ನೂ ಹೇಳಿ, ಮನೆಯವರು ಎರಡನ್ನೂ ಕೇಳಿಸಿಕೊಂಡ ಮೇಲೆ ತೆಗೆದುಕೊಂಡರೂ ಸರಿ, ಬಿಟ್ಟರೂ ಸರಿ, ಅದು ನಿರ್ಧಾರವೆನಿಸಿಕೊಳ್ಳುತ್ತದೆ. ಉಳಿದದ್ದೆಲ್ಲ ಕೇವಲ ವಿಧೇಯತೆ, ಇಲ್ಲವೆ ಮೌನ.